ಎನಾಮಲ್ ಬೀಡಿನ ಪಾತ್ರೆ: ಬೀಫ್ ಸ್ಟ್ಯೂ ಮತ್ತು ಡಂಪ್ಲಿಂಗ್ ಬೇಯಿಸಿ ನೋಡಿದ ಮೇಲೆ

ಎನಾಮಲ್ ಲೇಪಿಸಿದ ಬೀಡಿನ (ಎರಕದ ಕಬ್ಬಿಣದ) ಪಾತ್ರೆಗಳು ಈಗ ನಮ್ಮ ದೇಶದಲ್ಲೇ ತಯಾರಾಗಿ, ಮೊದಲಿನಷ್ಟು ದುಬಾರಿಯಲ್ಲದ ಬೆಲೆಗೆ ಮನೆ ಬಾಗಿಲಿಗೆ ಬರುತ್ತಿವೆ. ಅವುಗಳ ಕುರಿತು ಗ್ರಾಹಕರು ಬರೆಯುವ ಅಭಿಪ್ರಾಯಗಳಲ್ಲಿ ಹೆಚ್ಚಿನವು ಬಣ್ಣ, ಹೊಳಪು, ಊಟದ ಮೇಜಿನ ಮೇಲಿನ ಅಂದ ಇಷ್ಟರಲ್ಲೇ ಮುಗಿಯುತ್ತವೆ. ಆರು ಕಿಲೋ ತೂಗುವ ಪಾತ್ರೆಯೊಂದು ಒಲೆಯ ಮೇಲೆ ಮೂರು ಗಂಟೆ ಕುಳಿತು ಮಾಡುವ ಕೆಲಸವೇನು ಎಂಬುದನ್ನು ಹೇಳುವವರು ವಿರಳ. ಮಡಗಾಂವಿನ ನಮ್ಮ ಮನೆಯಲ್ಲಿ ಕಳೆದ ಮಳೆಗಾಲದಿಂದ ಬಳಕೆಯಲ್ಲಿರುವ 26 ಸೆಂ.ಮೀ. ವ್ಯಾಸದ, ಸುಮಾರು 5 ಲೀಟರ್ ಹಿಡಿಯುವ ಅಂಥದೊಂದು ಪಾತ್ರೆಯನ್ನು ನಾನು ಇಲ್ಲಿ ಒಂದೇ ಅಡುಗೆಯ ಮೂಲಕ ಪರಿಶೀಲಿಸುತ್ತಿದ್ದೇನೆ: ಬ್ರಿಟಿಷರ ಬೀಫ್ ಸ್ಟ್ಯೂ ಮತ್ತು ಅದರ ಮೇಲೆ ಬೇಯುವ ಡಂಪ್ಲಿಂಗ್. ಜೋರು ಶಾಖದಲ್ಲಿ ಮಾಂಸ ಕೆಂಪಗೆ ಹುರಿಯುವುದು, ಗಂಟೆಗಟ್ಟಲೆ ಮಂದ ಉರಿಯಲ್ಲಿ ಕುದಿಸುವುದು, ಕೊನೆಯಲ್ಲಿ ಮುಚ್ಚಿದ ಪಾತ್ರೆಯೊಳಗಿನ ಹಬೆಯಲ್ಲಿ ಹಿಟ್ಟಿನ ಉಂಡೆಗಳನ್ನು ಅರಳಿಸುವುದು, ಈ ಮೂರನ್ನೂ ಒಂದೇ ಪಾತ್ರೆಯಿಂದ ಕೇಳುವ ಅಡುಗೆ ಇದಾದ್ದರಿಂದ, ಪಾತ್ರೆಯ ಗುಣದೋಷಗಳೆರಡೂ ಇದರಲ್ಲಿ ಹೊರಬೀಳುತ್ತವೆ.

ಪಾತ್ರೆಯ ರಚನೆ ಸರಳ. ದಪ್ಪ ಬೀಡಿನ ದೇಹ, ಅದೇ ಬೀಡಿನ ಭಾರವಾದ ಮುಚ್ಚಳ, ಎರಡೂ ಪಕ್ಕ ಹಿಡಿಗಳು, ಒಳಗೆ ತಿಳಿಹಳದಿ ಮಿಶ್ರಿತ ಬಿಳಿಯ ಎನಾಮಲ್, ಹೊರಗೆ ಬಣ್ಣದ ಎನಾಮಲ್. ಎನಾಮಲ್ ಎಂಬುದು ಬಣ್ಣವಲ್ಲ, ಗಾಜು. ಗಾಜಿನ ಪುಡಿಯನ್ನು ಲೋಹದ ಮೇಲೆ ಲೇಪಿಸಿ, ಸುಮಾರು 800 ಡಿಗ್ರಿ ಸೆಲ್ಸಿಯಸ್ ಶಾಖದ ಕುಲುಮೆಯಲ್ಲಿ ಕರಗಿಸಿ ಅಂಟಿಸಿರುತ್ತಾರೆ. ಬೀಡಿನ ಅಡುಗೆ ಪಾತ್ರೆಗಳು ಇಂಗ್ಲೆಂಡಿನ ಸಾಮಾನ್ಯರ ಮನೆಗಳಿಗೆ ಅಗ್ಗವಾಗಿ ತಲುಪುವಂತಾದದ್ದು ಅಬ್ರಹಾಂ ಡಾರ್ಬಿ 1707ರಲ್ಲಿ ಮರಳಿನ ಅಚ್ಚಿನಲ್ಲಿ ಬೀಡು ಎರಕ ಹೊಯ್ಯುವ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ. ಸ್ಟ್ಯೂವಿನಂಥ ಅಡುಗೆ ಆ ದೇಶದ ಬಡವರ ಮನೆಗಳಲ್ಲಿ ಬೆಳೆದದ್ದಕ್ಕೂ ಇಂಥ ಪಾತ್ರೆಗಳಿಗೂ ಹತ್ತಿರದ ನಂಟಿದೆ ಎಂದು ನನಗೆ ಅನ್ನಿಸುತ್ತದೆ. ಗಟ್ಟಿ ಮಾಂಸ, ಗೆಡ್ಡೆ ತರಕಾರಿ, ಒಂದೇ ಪಾತ್ರೆ, ಒಂದೇ ಬೆಂಕಿ ಇವಿಷ್ಟರಲ್ಲಿ ಇಡೀ ಊಟ ಮುಗಿಯುತ್ತಿತ್ತು.

ಬೀಡಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಎಲ್ಲೆಡೆ ಇದೆ. ಅದು ಶಾಖವನ್ನು ಸಮನಾಗಿ ಹರಡುತ್ತದೆ ಎಂಬುದು. ವಾಸ್ತವವಾಗಿ ಅಲ್ಯೂಮಿನಿಯಂ ಬೀಡಿಗಿಂತ ಹಲವು ಪಟ್ಟು ಬೇಗ ಶಾಖ ಹರಡುತ್ತದೆ. ಬೀಡು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ, ತನ್ನ ಭಾರದಿಂದಾಗಿ ಬಹಳಷ್ಟು ಶಾಖವನ್ನು ಹಿಡಿದಿಟ್ಟುಕೊಳ್ಳುತ್ತದೆ. ನಮ್ಮ ಗ್ಯಾಸ್ ಒಲೆಯ ಬರ್ನರ್ ಪಾತ್ರೆಯ ತಳಕ್ಕಿಂತ ಬಹಳ ಚಿಕ್ಕದಾದ ಕಾರಣ, ಆರಂಭದಲ್ಲೇ ಉರಿ ಜೋರು ಮಾಡಿದರೆ ನಡುವೆ ಹೊತ್ತಿಕೊಂಡು ಅಂಚಿನಲ್ಲಿ ತಣ್ಣಗಿರುತ್ತದೆ. ಸಣ್ಣ ಉರಿಯಲ್ಲಿ ಹತ್ತು ನಿಮಿಷದವರೆಗೆ, ಎಣ್ಣೆ ಹಾಕಿಯೇ, ಕಾಯಲು ಬಿಟ್ಟರೆ ಮಾತ್ರ ಶಾಖ ಗೋಡೆಯವರೆಗೂ ಏರುತ್ತದೆ. ಈ ತಾಳ್ಮೆ ಇಲ್ಲದವರಿಗೆ ಪಾತ್ರೆ ಮೊದಲ ದಿನವೇ ನಿರಾಸೆ ಉಂಟುಮಾಡಬಹುದು.

ಮಾಂಸದ ವಿಷಯಕ್ಕೆ ಬಂದರೆ, ಗೋವೆಯಲ್ಲಿ ಹಸುವಿನ ವಧೆಗೆ 1978ರ ಕಾಯ್ದೆಯ ನಿಷೇಧವಿದ್ದು, ಎತ್ತು, ಹೋರಿ, ಎಮ್ಮೆ, ಕೋಣಗಳ ಮಾಂಸ ಕಾನೂನುಬದ್ಧವಾಗಿ ಮಾರಾಟವಾಗುತ್ತದೆ. ಇಲ್ಲಿಗೆ ಬರುವ ಮಾಂಸದಲ್ಲಿ ದೊಡ್ಡ ಪಾಲು ಬೆಳಗಾವಿ ಕಡೆಯಿಂದ ಬರುತ್ತಿದ್ದುದರಿಂದ, 2021ರ ಜನವರಿಯಲ್ಲಿ ಕರ್ನಾಟಕದ ಹೊಸ ಜಾನುವಾರು ಹತ್ಯೆ ನಿಷೇಧ ಕಾಯ್ದೆ ಜಾರಿಯಾದಾಗ ಗೋವೆಯ ಅಂಗಡಿಗಳಲ್ಲಿ ಕೊರತೆ ಕಾಣಿಸಿಕೊಂಡಿತ್ತು. ಮುಂಬಯಿ, ಪುಣೆಯ ಓದುಗರಿಗೆ 2015ರಿಂದೀಚೆಗೆ ಎಮ್ಮೆ, ಕೋಣಗಳ ಮಾಂಸ ಮಾತ್ರ ಸಿಗುತ್ತದೆ. ಅದರಲ್ಲಿ ಕೊಬ್ಬು ಕಡಿಮೆ, ಬೇಯಲು ಸ್ವಲ್ಪ ಹೆಚ್ಚು ಹೊತ್ತು ಬೇಕು, ಆದರೆ ಈ ಅಡುಗೆಗೆ ಒಗ್ಗುತ್ತದೆ. ಗಡಿಯಾಚೆ ಕರ್ನಾಟಕದಲ್ಲಿರುವ ನಮ್ಮವರು ಬಲಿತ ಕುರಿಯ ತೊಡೆ ಅಥವಾ ಮುಂಗಾಲಿನ ಮಾಂಸದಲ್ಲಿ ಇದೇ ಕ್ರಮದಿಂದ ಮಾಡಿಕೊಳ್ಳಬಹುದು.

ಯಾವ ಭಾಗದ ಮಾಂಸ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಬೆನ್ನೆಲುಬಿನ ಒಳಬದಿಯ ಎಳೆಯ, ಮೆತ್ತನೆಯ ಅಂಡರ್‌ಕಟ್ ಇಲ್ಲಿ ಹಾಳು. ಮೂರು ಗಂಟೆ ಕುದಿಸಿದರೆ ಅದು ಒಣಗಿ ನಾರಾಗುತ್ತದೆ. ಬೇಕಾದದ್ದು ದುಡಿದ ಸ್ನಾಯು: ಮುಂಗಾಲು, ಹೆಗಲು, ಎದೆ. ನಾನು ಹೋಗುವ ಮಾಂಸದಂಗಡಿಯಾತ ಬೆಳಗಾವಿ ಕಡೆಯವರು. ನಾನು ಸ್ಟ್ಯೂ ಎಂದು ಹೇಳಿದ ಕೂಡಲೇ ಅವರು, "ಮುಂಗಾಲಿಂದು ತಗೊಳ್ರಿ ಅಕ್ಕಾರ, ಬೇಯಾಕ ಹೊತ್ತು ತಗೊಂತೈತಿ, ಖರೆ ರುಚಿ ಎಲ್ಲಾ ಅದ್ರಾಗ ಐತಿ" ಎಂದು, ಬಿಳಿಯ ಪೊರೆಗಳು ಅಡ್ಡಡ್ಡ ಹಾಯ್ದ ತುಂಡೊಂದನ್ನು ಎತ್ತಿ ತೋರಿಸಿದರು. ಆ ಬಿಳಿ ಪೊರೆಯೇ ಕೊಲಾಜೆನ್. ಮೂತ್ರಪಿಂಡದ ಸುತ್ತಲಿನ ಗಟ್ಟಿ ಕೊಬ್ಬನ್ನೂ ಅವರಲ್ಲೇ ಕೇಳಿ ಪಡೆಯಬೇಕು. "ಗುರ್ದಾ ಚರ್ಬಿ ಕೊಡ್ರಿ ಅಣ್ಣಾರ" ಎಂದರೆ ತಿಳಿಯುತ್ತದೆ. ಡಂಪ್ಲಿಂಗಿನ ಗುಟ್ಟು ಅದರಲ್ಲಿದೆ, ಮುಂದೆ ಹೇಳುತ್ತೇನೆ.

ಒಂದು ಕಿಲೋ ಮಾಂಸವನ್ನು ನಾಲ್ಕು ಸೆಂಟಿಮೀಟರಿನಷ್ಟು ದೊಡ್ಡ ತುಂಡುಗಳಾಗಿ ಕತ್ತರಿಸಿ, ಬಟ್ಟೆಯಿಂದ ಒರೆಸಿ ಒಣಗಿಸಿ, ಉಪ್ಪು, ಕರಿಮೆಣಸಿನ ಪುಡಿ ಮತ್ತು ಎರಡು ದೊಡ್ಡ ಚಮಚ ಮೈದಾದಲ್ಲಿ ಹೊರಳಿಸಿ, ಕಾದ ಪಾತ್ರೆಯಲ್ಲಿ ಸ್ವಲ್ಪಸ್ವಲ್ಪವಾಗಿ ಹುರಿಯಬೇಕು. ತೆಳು ತಳದ ಸ್ಟೀಲ್ ಪಾತ್ರೆಗೆ ತಣ್ಣನೆಯ ಮಾಂಸ ಬಿದ್ದ ಕೂಡಲೇ ಶಾಖ ಕುಸಿದು, ಮಾಂಸ ನೀರು ಬಿಟ್ಟುಕೊಂಡು ಬೂದುಬಣ್ಣಕ್ಕೆ ತಿರುಗಿ ಬೇಯತೊಡಗುತ್ತದೆ. ಬೀಡಿನ ಪಾತ್ರೆಯಲ್ಲಿ ಹಾಗಾಗಲಿಲ್ಲ. ತುಂಡುಗಳು ಬಿದ್ದ ಮೇಲೂ ಸದ್ದು ತಗ್ಗಲಿಲ್ಲ, ಮೂರು ನಾಲ್ಕು ನಿಮಿಷಕ್ಕೆ ಅವು ತಾವಾಗಿಯೇ ತಳ ಬಿಟ್ಟು ಬಂದವು, ಒಂದು ಮಗ್ಗುಲು ಗಾಢ ಕಂದಾಗಿತ್ತು. ಈ ಕಂದು ಬಣ್ಣ ಮತ್ತು ಪರಿಮಳ ಹುಟ್ಟುವುದು ಮಾಂಸದ ಮೇಲ್ಮೈ 140 ಡಿಗ್ರಿಯನ್ನು ದಾಟಿದಾಗ. ನೀರಿರುವ ತನಕ ಶಾಖ 100ನ್ನು ದಾಟುವುದಿಲ್ಲವಾದ್ದರಿಂದ ಒರೆಸಿ ಒಣಗಿಸುವ ಕೆಲಸವನ್ನು ಬಿಡಬಾರದು. ಒಳಗಿನ ಬಿಳಿ ಎನಾಮಲಿನ ಉಪಕಾರ ನನಗೆ ಅರ್ಥವಾದದ್ದು ಇಲ್ಲಿ. ತಳಕ್ಕೆ ಹಿಡಿದ ಪದರ ಚಿನ್ನದ ಬಣ್ಣದಲ್ಲಿದೆಯೋ, ಕಂದಾಗಿದೆಯೋ, ಕರಿಯಾಗುತ್ತಿದೆಯೋ ಎಂಬುದು ಸ್ಪಷ್ಟವಾಗಿ ಕಾಣುತ್ತದೆ; ಒಳಗೆ ಕಪ್ಪು ಲೇಪವಿರುವ ಪಾತ್ರೆಗಳಲ್ಲಿ ಇದನ್ನು ಮೂಗಿನಿಂದಲೇ ಅಂದಾಜು ಮಾಡಬೇಕಾಗುತ್ತದೆ.

ಮಾಂಸ ತೆಗೆದಿಟ್ಟು, ಅದೇ ಎಣ್ಣೆಯಲ್ಲಿ ಎರಡು ಈರುಳ್ಳಿ, ಒಂದು ದಂಟು ಸೆಲರಿ ಬಾಡಿಸಿ, ಮುಕ್ಕಾಲು ಲೀಟರ್ ಮೂಳೆಸಾರು ಹೊಯ್ದು ಮರದ ಸೌಟಿನಿಂದ ತಳವನ್ನು ಕೆರೆದರೆ ಆ ಕಂದು ಪದರವೆಲ್ಲ ರಸಕ್ಕೆ ಬಿಟ್ಟುಕೊಳ್ಳುತ್ತದೆ. ಲೇಪವಿಲ್ಲದ ಬೀಡಿನ ಬಾಣಲೆಯಲ್ಲಿ ಹುಳಿ ಪದಾರ್ಥ ಹೆಚ್ಚು ಹೊತ್ತು ಕುದಿಸಿದರೆ ಕಬ್ಬಿಣದ ರುಚಿ ಬರುತ್ತದೆ, ಗಾಜಿನ ಲೇಪಕ್ಕೆ ಆ ತೊಂದರೆಯಿಲ್ಲ. ಈ ರಸಕ್ಕೆ ವೂಸ್ಟರ್ ಸಾಸ್ ಹಾಕುವುದುಂಟು. 1837ರಿಂದ ಇಂಗ್ಲೆಂಡಿನ ವೂಸ್ಟರ್ ಪಟ್ಟಣದಲ್ಲಿ ಲೀ ಅಂಡ್ ಪೆರಿನ್ಸ್ ಹೆಸರಿನಲ್ಲಿ ಮಾರಾಟವಾಗುತ್ತ ಬಂದ ಅದರಲ್ಲಿ ವಿನೆಗರ್, ಆಂಚೊವಿ ಮೀನಿನ ಜೊತೆ ನಮ್ಮ ಹುಣಸೆಹಣ್ಣೂ ಇದೆ. ಎರಡು ಸಣ್ಣ ಚಮಚ ಸಾಕು. ಕೆಲವರು ಸಾರಿನ ಅರ್ಧಭಾಗಕ್ಕೆ ಕರಿ ಬಿಯರ್ ಹಾಕುತ್ತಾರೆ. ಪೂರ್ತಿ ಬಿಯರೇ ಹಾಕಿದರೆ ರಸ ಬತ್ತಿದಂತೆ ಕಹಿಯೂ ಗಟ್ಟಿಯಾಗುತ್ತದೆ. ಬೇ ಎಲೆ, ಥೈಮ್, ಒಂದು ಹಿಡಿ ಜವೆಗೋಧಿ, ದಪ್ಪನಾಗಿ ಹೆಚ್ಚಿದ ಮೂರು ಗಜ್ಜರಿ. ಅಲ್ಲಿ ಹಾಕುವ ಸ್ವೀಡ್ ಗೆಡ್ಡೆ ನಮ್ಮ ಮಾರುಕಟ್ಟೆಯಲ್ಲಿ ಸಿಗದ ಕಾರಣ ನಾನು ಟರ್ನಿಪ್ ಬಳಸಿದೆ. ಡಂಪ್ಲಿಂಗ್ ಇರುವಾಗ ಆಲೂಗಡ್ಡೆಯ ಅಗತ್ಯವಿಲ್ಲ.

ಇಲ್ಲಿಂದ ಮುಂದಿನ ಎರಡೂವರೆ ಗಂಟೆ ಪಾತ್ರೆಯ ಕೆಲಸ. ತೆಗೆದಿಟ್ಟ ಮಾಂಸವನ್ನು ಮರಳಿ ಹಾಕಿ, ಒಮ್ಮೆ ಕುದಿ ಬಂದ ಮೇಲೆ ಚಿಕ್ಕ ಬರ್ನರಿಗೆ ವರ್ಗಾಯಿಸಿ, ಉರಿಯನ್ನು ಸಿಮ್‌ಗೆ ಇಳಿಸಿ, ಮುಚ್ಚಳ ಹಾಕಿದೆ. ಕೊಲಾಜೆನ್ ಸುಮಾರು 70 ಡಿಗ್ರಿಯಿಂದ ಕರಗತೊಡಗಿ, ರಸವನ್ನು ಮಂದವಾಗಿಸುವ ಜೆಲಾಟಿನ್ ಆಗುತ್ತದೆ, 85ರಿಂದ 95ರ ನಡುವೆ ಆ ಕೆಲಸ ಚುರುಕಾಗುತ್ತದೆ. ಅದಕ್ಕಿಂತ ಜೋರಾಗಿ ಕುದಿಸಿದರೆ ನಾರುಗಳು ಬಿಗಿದು ರಸವನ್ನು ಹಿಂಡಿ ಹೊರಹಾಕುತ್ತವೆ. ಮೇಲ್ಮೈಯಲ್ಲಿ ಆಗೊಂದು ಈಗೊಂದು ಗುಳ್ಳೆ ಏಳುವ ಈ ಹದವನ್ನು ತೆಳು ಪಾತ್ರೆಯಲ್ಲಿ ಗ್ಯಾಸ್ ಒಲೆಯ ಮೇಲೆ ಕಾಯ್ದುಕೊಳ್ಳುವುದು ನಿಜಕ್ಕೂ ಕಷ್ಟ. ಕಿಟಕಿಯಿಂದ ಗಾಳಿ ಬೀಸಿದರೂ ಅದರ ಕುದಿ ಏರುಪೇರಾಗುತ್ತದೆ. ಈ ಪಾತ್ರೆಯಲ್ಲಿ ಒಮ್ಮೆ ಹೊಂದಿಸಿದ ಕುದಿ ಹಾಗೆಯೇ ಉಳಿಯಿತು. ಎರಡು ಸಲ ಮುಚ್ಚಳ ತೆರೆದು ತಳ ತಿರುವಿದ್ದು ಬಿಟ್ಟರೆ ನಾನು ಅದರ ಹತ್ತಿರ ಹೋಗಬೇಕಾಗಲಿಲ್ಲ. ಮುಚ್ಚಳದ ಒಳಮೈಯಲ್ಲಿರುವ ಸಣ್ಣ ಮೊನೆಗಳಿಂದ ಹಬೆ ಹನಿಯಾಗಿ ಮರಳಿ ರಸಕ್ಕೇ ಬೀಳುತ್ತದೆಂದು ಕಂಪನಿಯವರು ಹೇಳುತ್ತಾರೆ. ಮೊನೆಗಳಿಲ್ಲದ ಮುಚ್ಚಳದಲ್ಲೂ ಹಬೆ ಹನಿಯಾಗಿ ಬೀಳದೆ ಬೇರೆಲ್ಲಿಗೂ ಹೋಗುವುದಿಲ್ಲವಾದ್ದರಿಂದ ಅದನ್ನು ನಾನು ದೊಡ್ಡ ಗುಣವೆಂದು ಎಣಿಸಲಾರೆ. ಮುಚ್ಚಳದ ಭಾರವೇ ನಿಜವಾದ ಗುಣ. ಅಷ್ಟು ಹೊತ್ತು ಕುದಿದರೂ ರಸದ ಮಟ್ಟ ಬೆರಳಗಲವೂ ಇಳಿಯಲಿಲ್ಲ.

ಕುಕ್ಕರಿನಲ್ಲಿ ಮುಕ್ಕಾಲು ಗಂಟೆಗೆ ಬೇಯುವ ಮಾಂಸಕ್ಕೆ ಇಷ್ಟೆಲ್ಲ ಯಾಕೆ ಎಂದು ನಮ್ಮ ಅತ್ತೆಯವರು ಕೇಳಿದ ಪ್ರಶ್ನೆ ನ್ಯಾಯವಾದದ್ದೇ. ಮಾಂಸ ಮೆತ್ತಗಾಗುವುದಷ್ಟೇ ಗುರಿಯಾದರೆ ಕುಕ್ಕರ್ ಸಾಕು, ಗ್ಯಾಸೂ ಉಳಿಯುತ್ತದೆ. ಆದರೆ ಕುಕ್ಕರಿನೊಳಗೆ ಗಜ್ಜರಿ ಕರಗಿಹೋಗುತ್ತದೆ, ಮತ್ತು ಮುಖ್ಯವಾಗಿ ಡಂಪ್ಲಿಂಗಿಗೆ ಅದು ತಕ್ಕ ಜಾಗವಲ್ಲ. ಒತ್ತಡದಲ್ಲಿ 120 ಡಿಗ್ರಿಯ ಸುತ್ತ ಕಾದ ರಸ, ಒತ್ತಡ ಇಳಿದ ಕೂಡಲೇ ಉಕ್ಕಿ ಕುದಿದು, ಮೆತ್ತನೆಯ ಉಂಡೆಗಳನ್ನು ಒಡೆದುಹಾಕುತ್ತದೆ.

ಇನ್ನು ಡಂಪ್ಲಿಂಗ್. ಬ್ರಿಟಿಷ್ ಲೆಕ್ಕ ಬಹಳ ಸರಳ: ಸೆಲ್ಫ್ ರೈಸಿಂಗ್ ಹಿಟ್ಟು ಎರಡು ಪಾಲು, ಸೂಯೆಟ್ ಒಂದು ಪಾಲು, ಉಪ್ಪು, ತಣ್ಣೀರು. ತಾನೇ ಉಬ್ಬುವ ಈ ಹಿಟ್ಟಿಗೆ ಬ್ರಿಸ್ಟಲ್ಲಿನ ಹೆನ್ರಿ ಜೋನ್ಸ್ ಎಂಬ ಬೇಕರಿಯವರು 1845ರಲ್ಲಿ ಪೇಟೆಂಟ್ ಪಡೆದರು. ನಮ್ಮಲ್ಲಿ 100 ಗ್ರಾಂ ಮೈದಾಗೆ ಒಂದು ಸಣ್ಣ ಚಮಚ ಬೇಕಿಂಗ್ ಪೌಡರ್ ಸೇರಿಸಿ ಎರಡು ಬಾರಿ ಜರಡಿ ಹಿಡಿದರೆ ಅದೇ ಆಯಿತು. ಸೂಯೆಟ್ ಎಂದರೆ ನಾನು ಮೇಲೆ ಹೇಳಿದ ಗುರ್ದಾ ಚರ್ಬಿ. ಅಲ್ಲಿ ಅದನ್ನು ತುರಿದು ಹಿಟ್ಟು ಸವರಿ ಪೊಟ್ಟಣದಲ್ಲಿ ಮಾರುತ್ತಾರೆ. ಅಟೋರಾ ಎಂಬ ಹೆಸರಿನಲ್ಲಿ ಇದು 1893ರಿಂದಲೇ ಇದೆ. ಇಲ್ಲಿ ನಾವೇ ಮಾಡಿಕೊಳ್ಳಬೇಕು. ಮೇಲಿನ ತೆಳು ಪೊರೆಯನ್ನು ಬೆರಳಿನಿಂದ ಸುಲಿದು, ಗಟ್ಟಿಯಾಗುವ ತನಕ ಫ್ರೀಜರಿನಲ್ಲಿಟ್ಟು, ಕೊಬ್ಬರಿ ತುರಿಯುವ ಮಣೆಯ ದಪ್ಪ ಕಣ್ಣಿನಲ್ಲಿ ತುರಿದು, ತುರಿದದ್ದನ್ನು ಆಗಾಗ ಮೈದಾದಲ್ಲಿ ಹೊರಳಿಸುತ್ತಿದ್ದರೆ ಒಂದಕ್ಕೊಂದು ಅಂಟದ ಬಿಳಿ ಎಸಳುಗಳು ದೊರೆಯುತ್ತವೆ.

ಬೆಣ್ಣೆ ಹಾಕಿದರೆ ಆಗದೇ ಎಂದರೆ, ಆಗುತ್ತದೆ, ಆದರೆ ಅದೇ ಫಲ ಬರುವುದಿಲ್ಲ. ಬೆಣ್ಣೆ 35 ಡಿಗ್ರಿಯೊಳಗೇ ಕರಗುತ್ತದೆ. ಮಡಗಾಂವಿನ ಸೆಖೆಯಲ್ಲಿ ಅದು ಕಲಸುವಾಗಲೇ ಹಿಟ್ಟಿಗೆ ಇಳಿದು ಉಂಡೆ ಬಿಗಿಯಾಗುತ್ತದೆ. ಸೂಯೆಟ್ ಕರಗುವುದು 45ರಿಂದ 50 ಡಿಗ್ರಿಯಲ್ಲಿ. ಬಿಸಿ ರಸದ ಮೇಲೆ ಉಂಡೆ ಉಬ್ಬಿ ಹಿಟ್ಟು ಗಟ್ಟಿಗೊಳ್ಳತೊಡಗಿದ ಮೇಲೂ ಎಸಳುಗಳು ಸ್ವಲ್ಪ ಹೊತ್ತು ತಮ್ಮ ಜಾಗದಲ್ಲೇ ಉಳಿದು, ಆಮೇಲೆ ಕರಗಿ, ತಾವಿದ್ದ ಕಡೆ ಪುಟ್ಟ ಪೊಳ್ಳುಗಳನ್ನು ಬಿಟ್ಟುಹೋಗುತ್ತವೆ. ಡಂಪ್ಲಿಂಗ್ ಹಗುರಾಗುವುದು ಈ ಪೊಳ್ಳುಗಳಿಂದ. ಕೊಬ್ಬು ಬೇಡವೆನ್ನುವವರಿಗೆ ನಾರ್ಫೋಕ್ ಪ್ರಾಂತದ ದಾರಿಯಿದೆ. ಅಲ್ಲಿ ಕೊಬ್ಬು ಸೇರಿಸದೆ, ಈಸ್ಟ್ ಹಾಕಿ ಉಬ್ಬಿಸಿದ ಬ್ರೆಡ್ಡಿನ ಹಿಟ್ಟಿನಿಂದಲೇ ಉಂಡೆ ಕಟ್ಟುತ್ತಾರೆ.

100 ಗ್ರಾಂ ಹಿಟ್ಟು, 50 ಗ್ರಾಂ ಸೂಯೆಟ್, ಐದಾರು ಚಮಚ ತಣ್ಣೀರು. ಚಪಾತಿ ಹಿಟ್ಟಿನ ಹಾಗೆ ನಾದಬಾರದು, ಹಿಟ್ಟು ಒಂದಾದ ಕೂಡಲೇ ಕೈ ತೆಗೆಯಬೇಕು. ಎಂಟು ಉಂಡೆ ಮಾಡಿ, ಕುದಿಯುವ ಸ್ಟ್ಯೂವಿನ ಮೇಲೆ ಅಂತರ ಬಿಟ್ಟು ಇಟ್ಟು, ಮುಚ್ಚಳ ಹಾಕಿ, ಇಪ್ಪತ್ತು ನಿಮಿಷ ತೆರೆಯಬಾರದು. ಉಂಡೆಯ ಕೆಳಭಾಗ ರಸದಲ್ಲಿ ಬೇಯುತ್ತದೆ, ಮೇಲ್ಭಾಗ ನಮ್ಮ ಕಡುಬಿನಂತೆ ಹಬೆಯಲ್ಲೇ ಬೇಯಬೇಕು. ನಡುವೆ ತೆರೆದರೆ ಹಬೆ ಹೋಗಿ, ಅರಳಿದ ಉಂಡೆ ಕುಸಿದು ನಡುವೆ ಹಸಿ ಉಳಿಯುತ್ತದೆ. ಬೀಡಿನ ಮುಚ್ಚಳದೊಳಗೆ ಏನಾಗುತ್ತಿದೆಯೆಂದು ಕಾಣುವುದಿಲ್ಲವಾದ್ದರಿಂದ ಕಿವಿಗೊಟ್ಟು ತಿಳಿಯಬೇಕು: ಒಳಗಿನಿಂದ ಬರುವ ಗುಳುಗುಳು ಸದ್ದು ನಿಲ್ಲದಿದ್ದರೆ, ಅಂಚಿನಲ್ಲಿ ನೂಲಿನಂಥ ಹಬೆ ಒಂದೇ ಸಮನೆ ಏಳುತ್ತಿದ್ದರೆ ಉರಿ ಸರಿಯಾಗಿದೆ.

ಮುಚ್ಚಳ ತೆಗೆದಾಗ ಉಂಡೆಗಳು ಇಮ್ಮಡಿಯಾಗಿ ಒಂದಕ್ಕೊಂದು ತಾಗಿ ಕುಳಿತಿದ್ದವು. ಮೇಲ್ಮೈ ಒದ್ದೆಯಿಲ್ಲದೆ ಮಾಸಲು ಬಿಳಿಯಾಗಿತ್ತು, ರಸಕ್ಕೆ ತಾಗಿದ ಅಂಚು ಕಂದು ಹೀರಿಕೊಂಡಿತ್ತು. ಫೋರ್ಕಿನಿಂದ ಬಿಡಿಸಿದರೆ ಒಳಗೆ ಅಂಟಿಲ್ಲದೆ ಅರಳು ಅರಳಾಗಿ ಬಿಚ್ಚಿಕೊಂಡಿತು. ಮುಂಗಾಲಿನ ಮಾಂಸದ ಬಿಳಿ ಪೊರೆಗಳು ಪಾರದರ್ಶಕವಾಗಿ ಮೆತ್ತಗಾಗಿದ್ದವು, ಚಮಚಕ್ಕೇ ತುಂಡಾಗುತ್ತಿದ್ದವು, ರಸ ತುಟಿಗೆ ಅಂಟುವಷ್ಟು ಮಂದವಾಗಿತ್ತು. ಮೈದಾ ಒಂದರಿಂದಲೇ ಬರುವ ಮಂದವಲ್ಲ ಅದು, ಜೆಲಾಟಿನಿನ ಕೊಡುಗೆ. ವಾಸ್ಕೋದಿಂದ ಊಟಕ್ಕೆ ಬಂದಿದ್ದ ಧಾರವಾಡ ಕಡೆಯ ಗೆಳತಿ ಖಾರವೇ ಇಲ್ಲದ ಈ ಸಾರನ್ನು ಮೊದಲು ಅನುಮಾನದಿಂದ ನೋಡಿದರೂ, ಉಳಿದ ರಸವನ್ನು ಪೋದೇರನ (ಗೋವೆಯ ಬೇಕರಿಯವನ) ಪೊಯ್ ಬ್ರೆಡ್ಡಿನಲ್ಲಿ ಅದ್ದಿ ಮುಗಿಸಿದರು. ಸ್ಟ್ಯೂ ಮರುದಿನಕ್ಕೆ ಇನ್ನೂ ರುಚಿ. ಡಂಪ್ಲಿಂಗ್ ಮಾತ್ರ ಆಗಲೇ ಮಾಡಿ ಆಗಲೇ ತಿನ್ನಬೇಕು.

ಈಗ ಕುಂದುಗಳು. ಮೊದಲನೆಯದು ತೂಕ. ಬರಿದಾಗಿರುವಾಗಲೇ ಆರು ಕಿಲೋ, ಸ್ಟ್ಯೂ ತುಂಬಿದಾಗ ಒಂಬತ್ತರ ಮೇಲೆ. ಪಕ್ಕದ ಹಿಡಿಗಳು ದಪ್ಪ ಬಟ್ಟೆ ಹಿಡಿದ ಕೈಬೆರಳು ತೂರಿಸಲು ಸಾಲದಷ್ಟು ಇಕ್ಕಟ್ಟಾಗಿವೆ, ಬಿಸಿಯೂ ಏರುತ್ತವೆ. ವಯಸ್ಸಾದವರು, ಮಣಿಕಟ್ಟಿನ ನೋವಿರುವವರು ಇದನ್ನು ಒಲೆಯಿಂದ ಇಳಿಸಲು ಹೋಗುವುದು ಅಪಾಯ. ನಮ್ಮ ಅತ್ತೆಯವರಿಗೆ ಇದನ್ನು ಎತ್ತಲು ನಾನು ಬಿಡುವುದಿಲ್ಲ.

ಎರಡನೆಯದು ಓವನ್ನಿನದು. ಬ್ರಿಟನ್ನಿನಲ್ಲಿ ಈ ಸ್ಟ್ಯೂವನ್ನು ಬಹುತೇಕ 150ರಿಂದ 160 ಡಿಗ್ರಿಯ ಓವನ್ನಿನಲ್ಲಿಟ್ಟು ಬೇಯಿಸುತ್ತಾರೆ, ಕೊನೆಯ ಹತ್ತು ನಿಮಿಷ ಮುಚ್ಚಳ ತೆಗೆದು ಡಂಪ್ಲಿಂಗಿನ ತಲೆಯನ್ನು ಗರಿಗರಿಯಾಗಿಸುತ್ತಾರೆ. ನಮ್ಮ 28 ಲೀಟರಿನ ಓಟಿಜಿಯೊಳಗೆ (ಮೇಜಿನ ಮೇಲಿಡುವ ವಿದ್ಯುತ್ ಓವನ್) ಹಿಡಿಗಳ ಅಗಲದಿಂದಾಗಿ ಈ ಪಾತ್ರೆ ಹೋಗುವುದೇ ಇಲ್ಲ. ಹಿಡಿಯಿಂದ ಹಿಡಿಗೆ ಅಳೆದರೆ 33 ಸೆಂ.ಮೀ. ಇದೆ, ಆನ್‌ಲೈನ್ ವಿವರದಲ್ಲಿ ಕೊಟ್ಟಿದ್ದದ್ದು ಪಾತ್ರೆಯ ವ್ಯಾಸ ಮಾತ್ರ. ಕೊಳ್ಳುವ ಮೊದಲು ನಿಮ್ಮ ಓವನ್ನಿನ ಒಳ ಅಳತೆ ತೆಗೆದುಕೊಳ್ಳಿ, ಹಿಡಿಗಳ ಸಮೇತ ಅಗಲವೆಷ್ಟೆಂದು ಮಾರಾಟಗಾರರನ್ನು ಕೇಳಿ. ಮುಚ್ಚಳದ ಹಿಡಿ ಪ್ಲಾಸ್ಟಿಕ್ಕಿನದಲ್ಲದೆ ಸ್ಟೀಲಿನದಾಗಿರುವುದು ಒಳ್ಳೆಯದು.

ಮೂರನೆಯದು ನನಗೆ ಬೇಸರ ತಂದದ್ದು. ಪಾತ್ರೆ ಬಂದಾಗಲೇ ತಳದ ಅಂಚಿನಲ್ಲಿ ಉಗುರಿನಗಲ ಎನಾಮಲ್ ಎದ್ದುಹೋಗಿತ್ತು. ಫೋಟೋ ಕಳಿಸಿದರೆ ಕಂಪನಿಯವರು, ಇದು ಬಳಕೆಗೆ ಅಡ್ಡಿಯಲ್ಲ, ಏಟು ಬಿದ್ದು ಏಳುವ ಚಕ್ಕೆಗಳು ವಾರಂಟಿಯಲ್ಲಿ ಬರುವುದಿಲ್ಲ ಎಂದು ಉತ್ತರಿಸಿ, ಮುಂದಿನ ಖರೀದಿಗೆ ರಿಯಾಯಿತಿ ಕೂಪನ್ ಕೊಟ್ಟರು. ಹೊರಮೈಯ ಚಕ್ಕೆ ಅಡುಗೆಗೆ ತೊಂದರೆ ಮಾಡುವುದಿಲ್ಲವೆಂಬುದು ನಿಜ. ಆದರೆ ಪೆಟ್ಟಿಗೆಯಿಂದ ತೆಗೆಯುವಾಗಲೇ ಒಡೆದಿರುವುದನ್ನು ಬಳಕೆದಾರರ ಏಟೆಂದು ಲೆಕ್ಕ ಹಾಕುವುದು ಸರಿಯಲ್ಲ. ಪೆಟ್ಟಿಗೆ ಬಿಚ್ಚುವುದನ್ನು ವಿಡಿಯೋ ಮಾಡಿಟ್ಟುಕೊಳ್ಳಿ ಎಂದು ಓದುಗರಿಗೆ ಹೇಳುತ್ತೇನೆ. ಒಳಗಿನ ಎನಾಮಲ್ ಎದ್ದರೆ ಮಾತ್ರ ಪಾತ್ರೆಯನ್ನು ಅಡುಗೆಗೆ ಬಳಸಬಾರದು, ಗಾಜಿನ ಚೂರು ಆಹಾರಕ್ಕೆ ಬೀಳಬಹುದು. ಅದಕ್ಕಾಗಿಯೇ ಬಿಸಿ ಪಾತ್ರೆಗೆ ತಣ್ಣೀರು ಸುರಿಯಬಾರದು, ಸ್ಟೀಲ್ ಸೌಟನ್ನು ಅಂಚಿಗೆ ಕುಟ್ಟಬಾರದು, ಬರಿಪಾತ್ರೆಯನ್ನು ಜೋರು ಉರಿಗೆ ಇಡಬಾರದು.

ಗೋವೆಯ ಮಳೆಗಾಲಕ್ಕೆ ಬೇರೆಯೇ ಎಚ್ಚರಿಕೆ ಬೇಕು. ಮುಚ್ಚಳ ಕೂರುವ ಅಂಚಿನಲ್ಲಿ ಎನಾಮಲ್ ಬಹಳ ತೆಳು. ಜೂನ್, ಜುಲೈ ತಿಂಗಳ ತೇವದಲ್ಲಿ ಅಲ್ಲಿ ಕೆಂಪು ತುಕ್ಕಿನ ಗೆರೆ ಮೂಡುತ್ತದೆ. ತೊಳೆದ ಕೂಡಲೇ ಒರೆಸಿ, ಅಂಚಿಗೆ ಒಂದು ಹನಿ ಎಣ್ಣೆ ಸವರಿ, ಮುಚ್ಚಳ ಮತ್ತು ಪಾತ್ರೆಯ ನಡುವೆ ಮಡಿಚಿದ ಬಟ್ಟೆಯಿಟ್ಟು ಗಾಳಿಯಾಡಲು ಬಿಟ್ಟರೆ ತುಕ್ಕು ಬರುವುದಿಲ್ಲ. ಅರಿಶಿನ ಹಾಕಿದ ಅಡುಗೆಯಿಂದ ಒಳಗಿನ ಬಿಳಿ ಎನಾಮಲ್ ಹಳದಿಗೆ ತಿರುಗುತ್ತದೆ; ನೀರಿಗೆ ಎರಡು ಚಮಚ ಅಡುಗೆ ಸೋಡಾ ಹಾಕಿ ಕುದಿಸಿದರೆ ಬಹುಪಾಲು ಹೋಗುತ್ತದೆ, ಪೂರ್ತಿ ಹೋಗುವುದಿಲ್ಲ.

ಭಾರತೀಯ ತಯಾರಿಕೆಯ ಪಾತ್ರೆಗೆ ನಾನು ಕೊಟ್ಟದ್ದು ಐದು ಸಾವಿರ ರೂಪಾಯಿಯ ಆಸುಪಾಸು. ಹೆಸರಾಂತ ಫ್ರೆಂಚ್ ಪಾತ್ರೆಗಳಿಗೆ ಇದರ ಹಲವು ಪಟ್ಟು ಬೆಲೆಯಿದೆ, ಮತ್ತು ಸ್ಟ್ಯೂವಿನ ಮಟ್ಟಿಗೆ ಅಷ್ಟು ಹಣ ಕೊಡಬೇಕಾದ ಕಾರಣ ನನಗೆ ಕಾಣುವುದಿಲ್ಲ. ದಿನನಿತ್ಯದ ಬೇಳೆ, ಪಲ್ಯಕ್ಕೆ ಈ ಪಾತ್ರೆ ಬೇಡ. ತಿಂಗಳಿಗೊಮ್ಮೆಯಾದರೂ ಮಾಂಸವನ್ನು ಗಂಟೆಗಟ್ಟಲೆ ಮಂದ ಉರಿಯಲ್ಲಿ ಬೇಯಿಸುವ ಮನೆಗಾದರೆ ಧೈರ್ಯವಾಗಿ ಕೊಳ್ಳಬಹುದು. ಅಳತೆಯ ವಿಷಯದಲ್ಲಿ, ನಾಲ್ವರಿಗೆ 22 ಸೆಂ.ಮೀ. ಸಾಕೆಂದು ಮಾರುವವರು ಹೇಳುತ್ತಾರೆ. ಸ್ಟ್ಯೂವಿಗೆ ಅದು ಸಾಕಾಗಬಹುದು, ಆದರೆ ಎಂಟು ಡಂಪ್ಲಿಂಗ್ ಅರಳಲು ಮೇಲ್ಮೈ ಅಗಲ ಬೇಕಾದ್ದರಿಂದ 26ಕ್ಕಿಂತ ಚಿಕ್ಕದನ್ನು ತೆಗೆದುಕೊಳ್ಳಬೇಡಿ, ಎತ್ತರದ ಪಾತ್ರೆಗಿಂತ ಅಗಲದ ಪಾತ್ರೆಯನ್ನೇ ಆರಿಸಿ.